ಓಡಿದ ಮರುದಿನ

ಹರಕೆ ಹೊರುವಾಗ ಯಾರೂ ವಕೀಲರನ್ನು ಕೇಳಿ ಹೊರುವುದಿಲ್ಲ. ಕೇಳಿದ್ದರೆ ಸಾವಂತ್ರಮ್ಮನಿಗೆ ಈ ಪಾಡು ಬರುತ್ತಿರಲಿಲ್ಲ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ, ಜೀನ್ಸ್ ಹೊಲಿಯುವ ಗಾರ್ಮೆಂಟ್‌ನಲ್ಲಿ ಕೆಲಸ, ಮನೆಗಿಂತ ಲಾರಿಯಲ್ಲೇ ಹೆಚ್ಚು ಮಲಗುವ ಗಂಡ ಅಯ್ಯಣ್ಣ, ಡಿಗ್ರಿ ಓದುವ ಒಬ್ಬನೇ ಮಗ ವಿರೂಪಾಕ್ಷಿ. ಇಷ್ಟು ಅವಳ ಸಂಸಾರ. ಓದುವ ಎಂಬುದು ಬಾಯಿಮಾತು. ಹುಡುಗ ಕಾಲೇಜಿಗೆ ಹೋಗುತ್ತಿದ್ದದ್ದೇ ಫುಟ್ಬಾಲ್ ಆಡಲು. ಮೈದಾನದ ನಡುವೆ ಚೆಂಡು ಅವನ ಕಾಲಿಗೆ ಸಿಕ್ಕಿತೆಂದರೆ ಎದುರು ತಂಡದವರು ಅವನ ಬೆನ್ನಷ್ಟೇ ನೋಡಬೇಕಿತ್ತು, ಹಾಗೆ ಓಡುತ್ತಿದ್ದ. ಗೆಳೆಯರು ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು ಕುದುರಿ, ಕುದುರಿ ಎನ್ನುತ್ತಿದ್ದರು. ಸಾವಂತ್ರಮ್ಮ ಮೇಲೆ ಮೇಲೆ ಬೈದರೂ ಒಳಗೊಳಗೆ ಹಿಗ್ಗುತ್ತಿದ್ದಳು.

ಹೋದ ವರ್ಷ ಸಿರುಗುಪ್ಪದ ಮೈದಾನದಲ್ಲಿ ಆ ಕುದುರೆ ಬಿತ್ತು. ಯಾರೂ ತಳ್ಳಲಿಲ್ಲ, ಯಾರೂ ಒದೆಯಲಿಲ್ಲ. ಓಡುತ್ತಿದ್ದವನು ಗಕ್ಕನೆ ತಿರುಗಿದ, ಬಲ ಮೊಣಕಾಲಿನೊಳಗೆ ಏನೋ ಪಟ್ಟೆಂದಿತು. ಕಾಲಿನ ಒಳಗಿನ ನಾರು ಹರಿದಿದೆ, ತೊಡೆಯಿಂದ ಒಂದು ನಾರು ತೆಗೆದು ಅಲ್ಲಿ ಕೂರಿಸಬೇಕು ಎಂದರು ಬಳ್ಳಾರಿಯ ಡಾಕ್ಟರು. ಹೊಲಿಯುವವಳಿಗೆ ತೇಪೆಯ ಹಣೆಬರಹ ಗೊತ್ತಿರುತ್ತದೆ. ಹಾಕಿದ ತೇಪೆ ಗಟ್ಟಿಯಾಗಿಯೇ ಇರುತ್ತದೆ, ಅದರ ಪಕ್ಕದ ಬಟ್ಟೆ ಹರಿಯುತ್ತದೆ.

ಮಗನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಾಗ ಅವಳು ಬಾಗಿಲ ಹೊರಗೆ ನಿಂತು ತವರೂರು ಕುರುಗೋಡಿನ ದೊಡ್ಡ ಬಸವಣ್ಣನಿಗೆ ಕೈ ಮುಗಿದಳು. "ಬಸವಣ್ಣಾ, ನನ್ನ ಮಗ ಮತ್ತ ಓಡಂಗಾಗ್ಲಿ. ಅವ ಓಡಿದ ಮರುದಿನನ ಬಾವಿಯಿಂದ ನಿನ್ನ ಬಾಗ್ಲತನಕ ಅವನ ಕೈಲೆ ದೀಡ ನಮಸ್ಕಾರ ಹಾಕಸ್ತೀನಿ" ಎಂದಳು. ಅಂದರೆ ಮೈಮೇಲೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲಿ ನೆಲಕ್ಕೆ ಉದ್ದಕ್ಕೂ ಮಲಗಿ ಕೈ ಚಾಚಿ ಗೆರೆ ಎಳೆಯಬೇಕು. ಮೊಣಕಾಲೂರಿ ಎದ್ದು, ಆ ಗೆರೆಗೆ ಹೋಗಿ ನಿಂತು ಮತ್ತೆ ಮಲಗಬೇಕು. ಗುಡಿ ಮುಟ್ಟುವ ತನಕ ಹೀಗೇ.

ಆಪರೇಷನ್ ಮುಗಿಸಿ ಡಾಕ್ಟರು ಹೊರಗೆ ಬಂದು, ತೆಲುಗು ಬೆರೆಸಿ, "ಏಂ ಕಾದಮ್ಮಾ, ಏನೂ ಆಗಂಗಿಲ್ಲ, ಹುಡುಗ ಆಡ್ತಾನ" ಎಂದು ನಕ್ಕರು. ಆಮೇಲೆ ಒಂದು ಮಾತು ಸೇರಿಸಿದರು. "ಒಂದ ಮಾತು ನೆಪ್ಪಿಡ್ರಿ. ಮೊಣಕಾಲೂರಿ ಕೂಡಾದು, ಏಳಾದು ಯಾವತ್ತೂ ಬ್ಯಾಡ. ಅದನ್ನ ಮತ್ತ ಮತ್ತ ಮಾಡಿದ್ರ ಒಳಗ ಹೊಲದದ್ದು ಬಿಚ್ಚತೈತಿ."

ಡಾಕ್ಟರು ಬೇಡವೆಂದದ್ದನ್ನೇ ಸಾವಂತ್ರಮ್ಮ ಹುಡುಕಿ ತಂದು ದೇವರಿಗೆ ಒಪ್ಪಿಸಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕುರುಗೋಡಿನಲ್ಲಿ ಅವಳ ಚಿಗವ್ವ ಪಕ್ಕೀರಮ್ಮ ಇದ್ದಳು. ಊರಿನ ಎಲ್ಲರ ಹರಕೆಗಳೂ ಅವಳ ಬಾಯಲ್ಲಿ. ಸಾವಂತ್ರಮ್ಮ ಅಳುಕುತ್ತಲೇ ಕೇಳಿದಳು, "ಅವನ ಬದ್ಲಿ ನಾ ಹಾಕಿದ್ರ ನಡೀತೈತೇನ ಚಿಗವ್ವಾ?"

"ಯಾರ ಮೈಮ್ಯಾಲ ಹೊತ್ತಿರ್ತಿಯೋ ಅವ್ರ ತೀರಸಬೇಕು" ಎಂದಳು ಪಕ್ಕೀರಮ್ಮ, ಎಲೆಗೆ ಸುಣ್ಣ ಹಚ್ಚುತ್ತ. "ನಮ್ಮ ಓಣಿ ಜಡೆಪ್ಪ ಕೈ ನೆಟ್ಟಗಾದ್ರ ಹಾಕ್ತೀನಿ ಅಂದು ಮರತ. ಮರುವರ್ಷ ಅದ ಕೈ ಲಕ್ವಾ ಹೊಡೀತು."

ಅಂದಿನಿಂದ ಅವಳಿಗೆ ಅತ್ತ ದರಿ, ಇತ್ತ ಪುಲಿ. ಹರಕೆ ತೀರಿಸಿದರೆ ಕಾಲು ಹೋಗುತ್ತದೆ, ತೀರಿಸದಿದ್ದರೆ ದೇವರು ಬಿಡುವುದಿಲ್ಲ. ಹೊಲಿಗೆ ಮಿಷಿನ್ನಿನ ಮುಂದೆ ಕೂತು ಅವಳು ತಾನು ಆಡಿದ ಮಾತನ್ನೇ ತಿರುವಿ ತಿರುವಿ ನೋಡಿದಳು. ಕಡೆಗೆ ಅದರಲ್ಲೊಂದು ಸಂದಿ ಸಿಕ್ಕಿತು. ಓಡಿದ ಮರುದಿನ ಎಂದಲ್ಲವೇ ತಾನು ಅಂದದ್ದು? ನಡೆದರೆ ಅಲ್ಲ, ಆಡಿದರೆ ಅಲ್ಲ. ಮಗ ಓಡುವ ತನಕ ದೇವರು ಕೇಳುವ ಹಾಗಿಲ್ಲ. ಈ ಬುದ್ಧಿ ಬಸವಣ್ಣನಿಗೂ ಹೊಳೆದಿರಲಿಕ್ಕಿಲ್ಲ ಎಂದು ಅವಳಿಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು, ಮರುಗಳಿಗೆ ಅಂಜಿ ಗಲ್ಲ ಗಲ್ಲ ಬಡಿದುಕೊಂಡಳು.

ಅದೃಷ್ಟಕ್ಕೆ ಕಾಲೇಜಿನ ಕೋಚ್ ಅಮರೇಶ್ ಸರ್ ಕೂಡ ಅದನ್ನೇ ಹೇಳುತ್ತಿದ್ದರು. ಕಾಲು ಬಲಿಯುವವರೆಗೆ ವಿರೂಪಾಕ್ಷಿ ಮೈದಾನದ ನಡುವೆ ನಿಂತು ಆಡಬೇಕು. "ನೀ ಓಡಬ್ಯಾಡ, ಚಂಡು ಓಡಸು" ಎನ್ನುತ್ತಿದ್ದರು. ಮೊದಮೊದಲು ಹುಡುಗನಿಗೆ ಅದು ಶಿಕ್ಷೆಯಂತೆ ಕಂಡಿತು. ಚೆಂಡನ್ನು ಇನ್ನೊಬ್ಬರಿಗೆ ಕೊಡುವುದು ಅವನಿಗೆ ಗೊತ್ತೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸಂಜೆ ಸಂಜೆ ಓಣಿಯ ಗೋಡೆಗೆ ಚೆಂಡು ಒದೆದು ಒದೆದು ಕಲಿತ. ಚೆಂಡು ಕಾಲಿಗೆ ಬರುವ ಮೊದಲೇ ತಲೆ ಎತ್ತಿ ಯಾರು ಎಲ್ಲಿದ್ದಾರೆಂದು ನೋಡುವುದನ್ನು ಕಲಿತ. ಎಡಗಾಲಲ್ಲಿ ಮೆಲ್ಲಗೆ, ಬಲಗಾಲಲ್ಲಿ ಉದ್ದಕ್ಕೆ. ಗೋಡೆಯ ಆಚೆಯವರು ಬಂದು ಜಗಳ ತೆಗೆದಾಗ ಸಾವಂತ್ರಮ್ಮ ಸೆರಗು ಬಿಗಿದು ನಿಂತಳು. ಬಳ್ಳಾರಿಯಲ್ಲಿ ಚೆಂಡು ಕೊಡುವ ಆಟಕ್ಕೆ ಅವಳಂಥ ಅಭಿಮಾನಿ ಇನ್ನೊಬ್ಬರಿರಲಿಲ್ಲ. "ಕೊಡಾದು ಛಲೋ ಗುಣ ತಮ್ಮಾ. ಒಬ್ಬನ ಇಟ್ಕೊಂಡು ಓಡಾದು ಏನು ಚಂದ?" ಎನ್ನುತ್ತಿದ್ದಳು. ಹುಡುಗ ತಾಯಿಗೆ ಆಟ ಅರ್ಥವಾಗುತ್ತಿದೆ ಎಂದು ಖುಷಿಪಟ್ಟ. ಆದರೂ ಅವನು ಬಸ್ಸಿಗೆ ತಡವಾಯಿತೆಂದು ನಾಲ್ಕು ಹೆಜ್ಜೆ ಬೀಸಿ ಹಾಕಿದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಇದು ಓಟವೋ, ನಡಿಗೆಯೋ? ದೇವರು ಇದನ್ನು ಏನೆಂದು ಹಿಡಿಯುತ್ತಾನೆ? ಯಾರನ್ನು ಕೇಳುವುದು?

ಕಾಲೇಜು ತಂಡಗಳ ಪಂದ್ಯಾವಳಿಯ ಫೈನಲ್ ಮತ್ತೆ ಸಿರುಗುಪ್ಪದಲ್ಲೇ ಬಂತು, ಅದೇ ಮೈದಾನದಲ್ಲಿ. ಆ ಭಾನುವಾರ ಸಾವಂತ್ರಮ್ಮ ಒಗ್ಗರಣೆ ಮಂಡಕ್ಕಿಯ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಹೋಗದೆ ಮನೆಯಲ್ಲಿ ಕೂರುವ ಧೈರ್ಯ ಅವಳಿಗಿರಲಿಲ್ಲ. ಮೈದಾನದ ಅಂಚಿನಲ್ಲಿ ಹುಡುಗರು ಬೂಟು ಕಟ್ಟಿಕೊಳ್ಳುತ್ತಿದ್ದರು. ಅಮರೇಶ್ ಸರ್ ನಗುತ್ತ ಹತ್ತಿರ ಬಂದರು.

"ಅಮ್ಮಾರ, ಛಲೋ ಆತು ಬಂದದ್ದು. ಡಾಕ್ಟರ್ ಹೂಂ ಅಂದಾರ. ಕಾಲು ಗಟ್ಟಿ ಆಗೇತಿ. ಇವತ್ತ ನಿಮ್ಮ ಕುದುರಿ ಬಿಡ್ತೀನ್ರಿ, ಓಡ್ತಾನ ನೋಡ್ರಿ."

ಅವರು ಅತ್ತ ಹೋದದ್ದೇ ತಡ, ಸಾವಂತ್ರಮ್ಮ ಮಗನ ರಟ್ಟೆ ಹಿಡಿದು ಬೇವಿನ ಗಿಡದ ಮರೆಗೆ ಎಳೆದೊಯ್ದು ಎಲ್ಲ ಹೇಳಿಬಿಟ್ಟಳು. ಆಪರೇಷನ್ ಬಾಗಿಲು, ಹರಕೆ, ಡಾಕ್ಟರ ಮಾತು, ಜಡೆಪ್ಪನ ಕೈ. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು.

ವಿರೂಪಾಕ್ಷಿಯ ಕೈ ತಾನೇ ತಾನಾಗಿ ಮೊಣಕಾಲಿಗೆ ಹೋಯಿತು. "ಅಂದ್ರ ಇವತ್ತ ಓಡಿದ್ರ ನಾಳಿ ದೀಡ ನಮಸ್ಕಾರ ಹಾಕಬೇಕು. ಹಾಕಿದ್ರ ಕಾಲು ಹೋತು."

"ಹೂಂನಪ್ಪಾ."

"ಹಾಕದಿದ್ರ?"

ಅಷ್ಟರಲ್ಲಿ ಸೀಟಿ ಕೇಳಿತು.

ಬಿಡುವಿನ ತನಕ ಏನಾಯಿತೆಂಬುದನ್ನು ಸಾವಂತ್ರಮ್ಮ ಕಣ್ಣಾರೆ ಕಂಡಳು. ಒಂದು ವರ್ಷ ಗೋಡೆಗೆ ಒದ್ದು ಕಲಿತದ್ದೆಲ್ಲ ಹುಡುಗನ ಕಾಲು ಮರೆತುಬಿಟ್ಟಿತ್ತು. ತಲೆ ಎತ್ತಿ ನೋಡುವವನು ಈಗ ತನ್ನ ಮೊಣಕಾಲನ್ನೇ ನೋಡುತ್ತಿದ್ದ. ಕೊಟ್ಟ ಚೆಂಡು ಎದುರಾಳಿಯ ಕಾಲಿಗೆ ಹೋಗುತ್ತಿತ್ತು. ಮುಂದೆ ಆಡುವ ಎರ್ರೆಪ್ಪ ಎರಡೂ ಕೈ ಚಾಚಿ, "ಏನಾಗೇತಲೇ ನಿನಗ?" ಎಂದು ಕಿರುಚುತ್ತಿದ್ದ. ಎದುರು ತಂಡ ಒಂದು ಗೋಲು ಹೊಡೆಯಿತು.

ಬಿಡುವಾದ ಮೇಲೆ ಅವನ ಮುಂದೆ ದಾರಿ ತೆರೆಯಿತು. ಎರಡು ಹೆಜ್ಜೆ ಓಡಿದವನು ಥಟ್ಟನೆ ಏನೋ ನೆನಪಾದವನಂತೆ ಅರ್ಧಕ್ಕೆ ನಿಂತ. ಹಿಂದಿನಿಂದ ಬರುತ್ತಿದ್ದ ಹುಡುಗ ಬಂದು ಅಪ್ಪಳಿಸಿದ. ವಿರೂಪಾಕ್ಷಿಯ ಬಲಗಾಲು ನೆಲದಲ್ಲಿ ನೆಟ್ಟಿತ್ತು, ಮೈ ಅತ್ತ ತಿರುಗಿತ್ತು. ಅವನು ಬಿದ್ದ.

ಸಾವಂತ್ರಮ್ಮನ ಡಬ್ಬಿ ಕೈಜಾರಿ ಮಂಡಕ್ಕಿಯೆಲ್ಲ ಕಾಲ ಬುಡದಲ್ಲಿ ಚೆಲ್ಲಿತು. ಹುಡುಗ ಮಿಸುಕಾಡಿದ, ಕಾಲು ಮಡಚಿ ನೋಡಿದ, ಮೆಲ್ಲಗೆ ಎದ್ದು ನಿಂತ. ಅಮರೇಶ್ ಸರ್ ಗೆರೆಯ ಹತ್ತಿರ ಓಡಿಬಂದು ಗಂಟಲು ಹರಿಯುವ ಹಾಗೆ ಕೂಗಿದರು.

"ಅರ್ಧ ಓಡಬ್ಯಾಡಲೇ! ನಿಂತ್ರ ಪೂರಾ ನಿಲ್ಲು, ಓಡಿದ್ರ ಪೂರಾ ಓಡು! ಮೊಣಕಾಲು ಹೋಗಾದ ಹಿಂಗ, ಅಂಜಿ ಅರ್ಧಕ್ಕ ನಿಂತ್ರ!"

ಆ ಮಾತು ಮಗನಿಗಿಂತ ಮೊದಲು ತಾಯಿಗೆ ತಟ್ಟಿತು. ಬೆಳಿಗ್ಗೆ ಈ ಹುಡುಗ ಬಸ್ಸಿನಿಂದ ನಗುತ್ತ ಇಳಿದಿದ್ದ. ಡಾಕ್ಟರು ಕೊಟ್ಟ ಕಾಲು ಗಟ್ಟಿಯಾಗಿತ್ತು. ಅದರೊಳಗೆ ಅಂಜಿಕೆಯನ್ನು ತುಂಬಿದವಳು ತಾನು. ದೇವರ ಕೈಯಿಂದ ಕಾಲು ಉಳಿಸಲು ಹೋಗಿ ತಾನೇ ಮುರಿಯಲು ಹೊರಟಿದ್ದಳು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು.

ಚೆಂಡು ಮತ್ತೆ ವಿರೂಪಾಕ್ಷಿಯ ಕಾಲಿಗೆ ಬಂತು. ಮುಂದೆ ಬಯಲು. ಅವನು ತಾಯಿ ನಿಂತ ಕಡೆ ನೋಡಿದ.

"ಓಡಲೇ!" ಎಂದು ಸಾವಂತ್ರಮ್ಮ ಕೂಗಿದಳು. ಗಾರ್ಮೆಂಟಿನ ನೂರು ಮಿಷಿನ್ನುಗಳ ನಡುವೆ ಮಾತಾಡಿ ಪಳಗಿದ ಗಂಟಲು ಅದು, ಮೈದಾನದ ಆಚೆಗೂ ಕೇಳಿತು. "ಓಡಲೇ ನನ್ನಪ್ಪಾ! ಅದು ನನಗ ಬಿಡು, ನೀ ಓಡು!"

ಅವನು ಓಡಿದ. ಮೊದಲ ಹೆಜ್ಜೆಗಳಲ್ಲಿ ಅಳುಕಿತ್ತು, ಆಮೇಲೆ ಇರಲಿಲ್ಲ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ಎಡಕ್ಕೆ ಹಾಕಿದ. ಇಬ್ಬರು ಒಟ್ಟಿಗೆ ಅವನ ಮೇಲೆ ಬಂದರು. ಹಿಂದಿನ ವಿರೂಪಾಕ್ಷಿಯಾಗಿದ್ದರೆ ಅವರ ನಡುವೆಯೇ ನುಗ್ಗುತ್ತಿದ್ದ. ಈಗ ತಲೆ ಎತ್ತಿದ, ಎರ್ರೆಪ್ಪನನ್ನು ನೋಡಿದ, ಎಡಗಾಲಿನಲ್ಲಿ ಚೆಂಡನ್ನು ಅವನ ಮುಂದಕ್ಕೆ ತಳ್ಳಿದ. ಗೋಲಾಯಿತೆಂಬುದು ಸಾವಂತ್ರಮ್ಮನಿಗೆ ಜನರ ಗದ್ದಲದಿಂದ ತಿಳಿಯಿತು. ಅವಳು ನೋಡುತ್ತಿದ್ದದ್ದು ಆ ಮೊಣಕಾಲನ್ನು ಮಾತ್ರ.

ಪಂದ್ಯ ಸರಿಸಮವಾಗಿ ಮುಗಿಯಿತು, ಕಪ್ಪನ್ನು ಎರಡೂ ತಂಡಕ್ಕೆ ಹಂಚಿದರು. ವಿರೂಪಾಕ್ಷಿ ಬೆವರು ಸುರಿಸುತ್ತ ಬಂದು ತಾಯಿಯ ಪಕ್ಕ ಕೂತ.

"ಅವ್ವಾ, ನಾಳಿ ಸೋಮವಾರ" ಎಂದ. "ಕುರುಗೋಡಿಗೆ ಹೋಗೂನು. ನಾ ಹಾಕ್ತೀನಿ. ನಿನಗೇನರ ಆದ್ರ ನಾ ಏನ್ ಮಾಡ್ಲಿ?"

"ನೀ ಯಾಕ ಹಾಕ್ತಿ? ಹೊತ್ತಾಕಿ ನಾನು. ನಿನ್ನ ಮೊಣಕಾಲೇನು ಬಸವಣ್ಣಗ ಮಾತು ಕೊಟ್ಟಿತ್ತೇನು?"

"ಅವ ಒಪ್ಪದಿದ್ರ?"

"ಒಪ್ಪದಿದ್ರ ನನ್ನ ಕೇಳ್ಲಿ" ಎಂದಳು ಸಾವಂತ್ರಮ್ಮ.

ಮರುದಿನ ಬೆಳಕು ಹರಿಯುವಾಗ ಅವಳು ಕುರುಗೋಡಿನ ಬಾವಿಯ ಹತ್ತಿರ ತಲೆ ಮೇಲೆ ನೀರು ಸುರಿದುಕೊಂಡಳು. ಪಕ್ಕೀರಮ್ಮ ಪಕ್ಕದಲ್ಲಿ ನಿಂತು ಗೊಣಗುತ್ತಿದ್ದಳು. "ಇದು ರೀತಿ ಅಲ್ಲವ್ವಾ. ನಾ ಹೇಳೇನಿ, ಆಮ್ಯಾಲ ನನ್ನ ಅನಬ್ಯಾಡ." ವಿರೂಪಾಕ್ಷಿ ಕೊಡ ಹಿಡಿದು ತಲೆ ತಗ್ಗಿಸಿ ನಿಂತಿದ್ದ.

"ಇಲ್ಲೇನ್ ನೋಡ್ತಿ? ಸರ್ ದಿನಾ ಓಡಾಕ ಹೇಳ್ಯಾರಿಲ್ಲ? ಹೋಗು" ಎಂದು ಸಾವಂತ್ರಮ್ಮ ಗದರಿದಳು. ಅವನು ಕೊಡ ಇಳಿಸಿ, ತಿರುಗಿ ತಿರುಗಿ ನೋಡುತ್ತ ಗುಡಿಯ ಹಿಂದಿನ ಕಚ್ಚಾ ರಸ್ತೆಯ ಕಡೆ ನಡೆದ.

ಅವಳು ಮಲಗಿದಳು, ಗೆರೆ ಎಳೆದಳು, ಎದ್ದಳು. ಅವಳ ಮೊಣಕಾಲುಗಳೂ ಮಿಷಿನ್ ತುಳಿದು ತುಳಿದು ಸವೆದಿದ್ದವು, ಹರಳುಗಲ್ಲು ಒತ್ತಿದಾಗ ನೋವು ಸೊಂಟದ ತನಕ ಏರುತ್ತಿತ್ತು. ಹೆದರಿಕೆ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಬಸವಣ್ಣ ಒಪ್ಪುತ್ತಾನೋ ಇಲ್ಲವೋ, ಹೇಳುವವರು ಯಾರು? ಪಕ್ಕೀರಮ್ಮನ ಗೊಣಗಾಟ ಹಿಂದೆ ಹಿಂದೆಯೇ ಬರುತ್ತಿತ್ತು.

ಮತ್ತೊಮ್ಮೆ ಮಲಗಿ ಹಣೆಯನ್ನು ನೆಲಕ್ಕೆ ಹಚ್ಚಿದಾಗ ಅದು ಕೇಳಿಸಿತು. ಕಿವಿಗಲ್ಲ, ಹಣೆಗೆ. ನೆಲದೊಳಗಿನಿಂದ ಧಪ್ ಧಪ್ ಎಂದು ಬರುತ್ತಿತ್ತು. ಗುಡಿಯ ಹಿಂದೆ ಮಗ ಓಡುತ್ತಿದ್ದ. ಏಳಬೇಕಾದ ಸಾವಂತ್ರಮ್ಮ ಏಳಲಿಲ್ಲ. ಒಂದೊಂದು ಹೆಜ್ಜೆಗೂ ಅವಳ ಎದೆ ಹಿಡಿದು ಹಿಡಿದು ಬಿಡುತ್ತಿತ್ತು. ಎಡಗಾಲು, ಬಲಗಾಲು, ಬಲಗಾಲು ಸರಿಯಾಗಿ ಬಿತ್ತಲ್ಲ.

ಸದ್ದು ನಿಂತಿತು.

ಅವಳು ಉಸಿರು ಬಿಗಿಹಿಡಿದು ಮಣ್ಣಿಗೆ ಕೆನ್ನೆ ಒತ್ತಿದಳು. "ಏಳ, ಏನಾತವ್ವಾ?" ಎಂದು ಪಕ್ಕೀರಮ್ಮ ಗಾಬರಿಯಿಂದ ಬಗ್ಗಿದಳು. ಸಾವಂತ್ರಮ್ಮ ಕೈಯೆತ್ತಿ ಸುಮ್ಮನಿರು ಎಂದಳು. ರಸ್ತೆ ತಿರುಗಿದನೋ, ದಣಿವಾರಿಸಿಕೊಂಡನೋ, ಬಿದ್ದನೋ ಗೊತ್ತಾಗಲಿಲ್ಲ. ಆಮೇಲೆ ದೂರದಿಂದ, ಮೊದಲಿಗಿಂತ ಜೋರಾಗಿ, ಮತ್ತೆ ಶುರುವಾಯಿತು.

ಅವಳು ಕೈ ಚಾಚಿ ಗೆರೆ ಎಳೆದು, ಮೊಣಕಾಲೂರಿ ಎದ್ದಳು.