ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದದ್ದು

ಗುಬ್ಬಿಯಿಂದ ಹಾಗಲವಾಡಿಗೆ ಹೋಗುವ ಬಸ್ಸಿನಲ್ಲಿ ಅಂಬ್ರೀನ್ ಮೂರು ಸಲ "ಇಳಿದುಬಿಡೋಣ" ಅಂದಳು. ನವೀದ್ ಮೂರು ಸಲವೂ ಕಿಟಕಿಯಾಚೆ ನೋಡಿದ. ಹೆಂಡತಿ ಹೆದರಿದಾಗ ನಾಲ್ಕು ಒಳ್ಳೆಯ ಮಾತಾಡುವ ಜಾಣತನ ಅವನಿಗೆ ಯಾವತ್ತೂ ಬಂದದ್ದಿಲ್ಲ. ಪಕ್ಕದಲ್ಲಿ ಕೂತಿರುತ್ತಾನೆ, ಅಷ್ಟೇ. ಅವಳು ಹೊರಟಿದ್ದದ್ದು ಗೆಳತಿಯ ತಾಯಿಗೆ ನಿಜ ಹೇಳಲು. ನಿಮ್ಮ ಮಗಳು ಸತ್ತು ಎಂಟು ತಿಂಗಳಾಯಿತು, ಅಲ್ಲಿಂದೀಚೆಗೆ ನೀವು ಕ್ಯಾಸೆಟ್ಟಿನಲ್ಲಿ ಕೇಳಿದ್ದು ನನ್ನ ದನಿ, ಅನ್ನಬೇಕಿತ್ತು.

ಗಂಡ ಹೆಂಡತಿ ಮಸ್ಕತ್ತಿಗೆ ಹೋದದ್ದು ತೊಂಬತ್ತೇಳರಲ್ಲಿ, ಮದುವೆಯಾದ ನಾಲ್ಕನೇ ತಿಂಗಳಿಗೆ. ಅಂತರಸನಹಳ್ಳಿಯಲ್ಲಿ ಲೇತ್ ಓಡಿಸುತ್ತಿದ್ದ ನವೀದನಿಗೆ ಅಲ್ಲೊಂದು ವರ್ಕ್‌ಶಾಪಿನಲ್ಲಿ ಕೆಲಸ. ಗುಬ್ಬಿಯ ಬಳೆ ಅಂಗಡಿಯಲ್ಲಿ ಊರಿನ ಹೆಂಗಸರ ಜೊತೆ ಹರಟುತ್ತಾ ಬೆಳೆದ ಅಂಬ್ರೀನ್‌ಗೆ ಮೊದಲ ತಿಂಗಳು ಗೋಡೆಯೇ ಗೆಳತಿ. ಒಂದು ದಿನ ಪಕ್ಕದ ಕೋಣೆಯಿಂದ "ಥೂ, ಈ ಸ್ಟೌ ಮನೆ ಹಾಳಾಗ!" ಅಂತ ಅಚ್ಚ ಗುಬ್ಬಿ ಸೀಮೆಯ ಬೈಗುಳ ಕೇಳಿಸಿತು. ಅವಳು ಬಾಗಿಲು ಕೂಡ ತಟ್ಟದೆ ಒಳಗೆ ನುಗ್ಗಿದಳು.

ಬೈದವಳು ಹಾಗಲವಾಡಿಯ ಪ್ರಮೀಳಾ, ಅವಳ ಗಂಡ ಕುಣಿಗಲ್ಲಿನ ಮೋಹನ್‌ಕುಮಾರ್. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿದ್ದರೆ ಈ ನಾಲ್ವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಲ್ಲಿ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹಚ್ಚಿದರು. ರಜೆ ಬಂದರೆ ವರ್ಕ್‌ಶಾಪಿನ ಪಿಕಪ್ ಬೇಡಿ ತಂದು ಸುತ್ತಾಟ. ಒಮ್ಮೆ ಗಾಡಿ ಮರಳಲ್ಲಿ ಹೂತು ಗಂಡಸರು ಬೆವರು ಸುರಿಸುತ್ತಾ ತಳ್ಳುವಾಗ ಹೆಂಗಸರಿಬ್ಬರೂ ಒಳಗೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಇನ್ನೊಮ್ಮೆ ದಾರಿ ತಪ್ಪಿ ಯಾರದೋ ಮದುವೆಗೆ ಹೋಗಿ, ಗುರುತು ಪರಿಚಯವಿಲ್ಲದ ವರನಿಗೆ ಕೈಕುಲುಕಿ, ಉಂಡು ಬಂದಿದ್ದರು. ಅಂಬ್ರೀನ್ ಪ್ರಮೀಳಾಳ ದನಿಯನ್ನು ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದಳೆಂದರೆ, ಅಡುಗೆಮನೆಯಿಂದ "ರೀ" ಅಂದರೆ ಮೋಹನನೇ ಎದ್ದು ಬರುತ್ತಿದ್ದ.

ಪ್ರಮೀಳಾಳ ತಾಯಿ ಹನುಮಕ್ಕನಿಗೆ ಓದು ಬರದು. ಅದಕ್ಕೇ ಕಾಗದದ ಬದಲು ತಿಂಗಳಿಗೊಂದು ಕ್ಯಾಸೆಟ್. ಟೇಪ್ ರೆಕಾರ್ಡರ್ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಹತ್ತು ನಿಮಿಷ ಮಾತಾಡುವಳು. ಊರಿಗೆ ಹೊರಟವರ ಕೈಗೆ ಕೊಡುವಳು. ಶುರು ಮಾಡುವುದು ಯಾವಾಗಲೂ ಗೌರಿ ಎಂಬ ಹಸುವನ್ನು ವಿಚಾರಿಸಿಕೊಂಡೇ. "ನಿಮ್ಮವ್ವನಿಗಿಂತ ಹಸುವೇ ಹೆಚ್ಚಾ?" ಅಂತ ಅಂಬ್ರೀನ್ ರೇಗಿಸುತ್ತಿದ್ದಳು.

ಎಂಟು ತಿಂಗಳ ಹಿಂದೆ, ರಂಜಾನ್ ಹಬ್ಬದ ಮಾರನೇ ದಿನ ನಾಲ್ವರೂ ಬೆಟ್ಟದ ಕಡೆಗೆ ಹೋದರು. ಅಲ್ಲಿನವರು ವಾದಿ ಅನ್ನುವ ಒಣಹಳ್ಳ ದಾಟಿ, ನೆರಳಲ್ಲಿ ಉಂಡು, ವಾಪಸ್ ಈಚೆ ದಡಕ್ಕೆ ಬಂದ ಮೇಲೆ ಅಂಬ್ರೀನ್‌ಗೆ ಆಚೆ ದಡದಲ್ಲೇ ಬಿಟ್ಟುಬಂದ ಚಾ ಫ್ಲಾಸ್ಕ್ ನೆನಪಾಯಿತು. "ನೀನು ಕೂತ್ಕೊ, ನಾನ್ ತರ್ತೀನಿ" ಅಂದು ಪ್ರಮೀಳಾ ಹೊರಟಳು. ತಲೆಯ ಮೇಲೆ ಬಿಸಿಲು ಹಾಗೇ ಇತ್ತು. ಎಲ್ಲೋ ಬೆಟ್ಟದಾಚೆ ಬಿದ್ದ ಮಳೆಯ ನೀರು ಒಂದೇ ಏಟಿಗೆ ಬಂತು. ಫ್ಲಾಸ್ಕ್ ಹಿಡಿದಿದ್ದ ಕೈ ಒಂದು ಸಲ ಮೇಲೆ ಕಾಣಿಸಿತು.

ಅಂತ್ಯಕ್ರಿಯೆ ಅಲ್ಲೇ ಆಯಿತು. ವಾರದ ಮೇಲೆ ಮೋಹನ್ ಟೇಪ್ ರೆಕಾರ್ಡರ್ ಎತ್ತಿಕೊಂಡು ಬಂದ. "ಅತ್ತೆಗೆ ಹಾರ್ಟ್ ವೀಕ್ ಐತೆ. ನಾನೇ ಊರಿಗೋಗಿ ಮೆಲ್ಲಗೆ ಹೇಳ್ತೀನಿ. ಅಲ್ಲೀಗಂಟ ಒಂದೇ ಒಂದು ಕ್ಯಾಸೆಟ್ ಮಾತಾಡಮ್ಮ" ಅಂತ ಕೈ ಮುಗಿದ. ಅಂಬ್ರೀನ್ ಕೆಂಪು ಗುಂಡಿ ಒತ್ತಿದಳು. ಚೆನ್ನಾಗಿದೀನಿ, ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ, ಅಂದಳು. ಗೌರಿಯ ಮಾತೊಂದಕ್ಕೆ ಮಾತ್ರ ನಾಲಿಗೆ ಏಳಲಿಲ್ಲ. ಅದನ್ನೂ ಕದಿಯುವುದು ಬೇಡ ಅನ್ನಿಸಿತು. ಒಂದು ಹೋಗಿ ಏಳು ಕ್ಯಾಸೆಟ್ ಆಯಿತು. ಮೋಹನ್ ಊರಿಗೆ ಹೋಗಲಿಲ್ಲ. ಹೇಡಿತನಕ್ಕೆ ಅವನ ಬಳಿ ತಿಂಗಳಿಗೊಂದು ಕಾರಣವಿತ್ತು.

ಅಣಕಿಸಿದ ಆ ದನಿ ಮಾತ್ರ ಅಂಬ್ರೀನಳನ್ನು ಬಿಡಲಿಲ್ಲ. ರಜೆಗೆಂದು ಮರಳೂರಿನ ಗಂಡನ ಮನೆಗೆ ಬಂದ ಮೊದಲ ವಾರ, ಹಾಲು ಉಕ್ಕಿದಾಗ ಅವಳ ಬಾಯಿಂದ "ಮನೆ ಹಾಳಾಗ!" ಅಂತ ಬಂತು. ಪಡಸಾಲೆಯಲ್ಲಿದ್ದ ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು, ಯಾರೋ ಬಂದಿದ್ದಾರಲ್ಲ, ಯಾರು ಅಂತ ಕೇಳಿದರು. ಅಂಬ್ರೀನ್ ಸ್ಟೌ ಆರಿಸಿದಳು. ತಾನು ಅಣಕಿಸಿರಲಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತೇ ನವೀದನಿಗೆ ಹಾಗಲವಾಡಿಗೆ ಹೋಗೋಣ ಅಂದಳು.

ಹನುಮಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಮಗ ಸೊಸೆ ತೋಟಕ್ಕೆ ಹೋಗಿದ್ದರು. ಮಸ್ಕತ್ತಿನಿಂದ ಬಂದಿದ್ದೀವಿ ಅನ್ನುತ್ತಲೇ ಮುದುಕಿ ಅಂಬ್ರೀನಳ ಬಾಯನ್ನೇ ನೋಡಿದಳು. "ಇನ್ನೊಂದು ಸಲ ಮಾತಾಡು" ಅಂದಳು. ಕುಂಬಳಕಾಯಿ ಕಳ್ಳನಂತೆ ಅಂಬ್ರೀನ್ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

ಹನುಮಕ್ಕ ಒಳಗಿನಿಂದ ಟೇಪ್ ತಂದು, ಎಂಟು ತಿಂಗಳ ಹಿಂದಿನ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು. ಅಂಬ್ರೀನಳ ಸುಳ್ಳು ದನಿ ಪೂರಾ ಓಡಿತು. ಟಕ್ ಅಂತು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ದನಿ ಬಂತು. "...ಅಷ್ಟೇ ಕಣವ್ವಾ. ಅಂಬ್ರೀನ್ ಕೂಗ್ತಾ ಅವ್ಳೆ." ದೂರದಿಂದ ಯಾರೋ, "ಪ್ರಮೀ, ಬಾರೇ, ಸಾರು ಉಕ್ತಾ ಐತೆ!" ಇಬ್ಬರ ನಗು. ಆಮೇಲೆ ಬರೀ ಗರಗರ.

ಅಂಬ್ರೀನ್‌ಗೆ ಅರ್ಥವಾಯಿತು. ಹಬ್ಬದ ಹಿಂದಿನ ದಿನ ಪ್ರಮೀಳಾ ಮಾತಾಡಿಟ್ಟಿದ್ದ ಕ್ಯಾಸೆಟ್ ಕಾಗದ ಅದು. ಮೋಹನ್ ತಂದ ಟೇಪಿನಲ್ಲಿ ಅದೇ ಕ್ಯಾಸೆಟ್ ಇತ್ತು. ಒಳಗೇನಿದೆ ಎಂದು ಕೇಳಿ ನೋಡದೆ ಅಂಬ್ರೀನ್ ಅದರ ಮೇಲೇ ಮಾತಾಡಿದ್ದಳು. ಪ್ರಮೀಳಾಳಿಗಿಂತ ಒಂದಿಷ್ಟು ಕಮ್ಮಿ ಮಾತಾಡಿದ್ದಕ್ಕೆ ಈ ತುಣುಕು ಉಳಿದಿತ್ತು.

"ಸಾರು ಉಕ್ತೈತೆ ಅಂದ ದನಿನೇ ಮೊದಲಿಂದ ಮಾತಾಡೈತೆ ಅಂತ ನಂಗೆ ಅವತ್ತೇ ಗೊತ್ತಾಯ್ತು" ಅಂದಳು ಹನುಮಕ್ಕ. "ಗೌರಿನ ಕೇಳ್ದೆ ನನ್ ಮಗಳು ಮಾತೇ ಸುರು ಮಾಡಾಕಿಲ್ಲ. ಅಳಿಯನ್ನ ಕೇಳ್ನಿಲ್ಲ. ಕೇಳಿದ್ರೆ ಹೇಳ್ಬುಡ್ತಾನೆ ಅಂತ ಭಯ. ಹೆಂಗೋದ್ಲು?"

ಅಂಬ್ರೀನ್ ಎಲ್ಲ ಹೇಳಿದಳು, ಫ್ಲಾಸ್ಕ್ ಮರೆತದ್ದು ತಾನೇ ಅನ್ನುವುದನ್ನೂ ಸೇರಿಸಿ. ಮುದುಕಿ ಅವರೆಕಾಯಿಯ ಸಿಪ್ಪೆಯನ್ನು ಚೂರು ಚೂರು ಮಾಡುತ್ತಾ ಕೇಳಿದಳು. ಅಳಲಿಲ್ಲ. ಎಂಟು ತಿಂಗಳು ಒಬ್ಬಳೇ ಅತ್ತು ಮುಗಿಸಿದ್ದಳೇನೋ.

"ಸುಳ್ಳೇಳಿದ್ದು ಬುಡು. ಅವಳ ಮಾತ್ನ ಅಳ್ಸಾಕ್ಬುಟ್ಟಲ್ಲ ತಾಯಿ."

"ಗೊತ್ತಿರಲಿಲ್ಲಮ್ಮ. ನಿಮ್ಮಾಣೆ ಗೊತ್ತಿರಲಿಲ್ಲ."

"ನೀನು ಅಡಿಗೆಮನೇಲಿ ಇದ್ದಲ್ಲ. ಕಿವಿಗೆ ಬಿದ್ದಿರ್ತದೆ. ಹೇಳು. ಅವಳಂಗೇ ಹೇಳು."

ಇನ್ನು ಆ ದನಿ ತೆಗೆಯುವುದಿಲ್ಲ ಅಂತ ಅಂಬ್ರೀನ್ ಆಣೆ ಹಾಕಿಕೊಂಡಿದ್ದಳು. ನವೀದನ ಕಡೆ ತಿರುಗಿದಳು. ಅವನು ಈ ಸಲ ಆಚೆ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ, ಕಣ್ಣು ತುಂಬಿತ್ತು. ಅವತ್ತು ಈರುಳ್ಳಿ ಹೆಚ್ಚುತ್ತಾ ಅರ್ಧಂಬರ್ಧ ಕೇಳಿದ ಮಾತುಗಳು ಯಾವುವು ಅನ್ನುವುದು ಅವಳಿಗೆ ನೆನಪಿರಲಿಲ್ಲ, ಮೊದಲನೆಯದೊಂದನ್ನು ಬಿಟ್ಟು. ಬಾಯಿ ತೆರೆದಳು. ಬಂದ ದನಿ ತನ್ನದಾಗಿರಲಿಲ್ಲ.

"ಅವ್ವಾ, ಗೌರಿ ಕರ ಹಾಕ್ತಾ?"

ಹನುಮಕ್ಕ ಕಣ್ಣು ಮುಚ್ಚಿಕೊಂಡಳು. ಇಷ್ಟು ದಿನ ಕ್ಯಾಸೆಟ್ಟಿಗೆ ಉತ್ತರ ಹೇಳುವುದಕ್ಕೆ ಆಗಿರಲಿಲ್ಲ.

"ಹಾಕ್ತು ಕಣೇ" ಅಂದಳು. "ಹೆಣ್ಗರ. ನಿನ್ನ ಹೆಸ್ರೇ ಇಟ್ಟಿವ್ನಿ."