ಯಾರ ಕಾಲದ ನೀರು

“ಸೊಂಟ ಬಗ್ಗಿಸೇ ಮುಂಡೆ! ನೆಟ್ಟಗೆ ನಿಂತ್ಕೊಂಡು ಒದ್ರೆ ಮೂಟೆ ಒಳಗೆ ಹೋಗುತ್ತಾ?”

ಮೇಸ್ತ್ರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ದಂಡೆಯ ಮೇಲೆ ನಿಂತಿದ್ದ. ಕೆಳಗೆ ಕಾಲುವೆಯ ಕೆಸರಿನಲ್ಲಿ ಮಂಡಿಯವರೆಗೆ ಹೂತುಕೊಂಡು ದೊಡ್ಡಕ್ಕ ಬಣ್ಣದ ಕಾರ್ಖಾನೆಯ ಕೊಳವೆಯ ಬಾಯಿಗೆ ಮರಳಿನ ಮೂಟೆ ತುರುಕುತ್ತಿದ್ದಳು. ಅವಳ ತಮ್ಮನ ಹೆಂಡತಿ ಮೇಲಿನಿಂದ ಮೂಟೆ ಇಳಿಸಿಕೊಡುತ್ತಿದ್ದಳು. ಭೋರೆನ್ನುತ್ತಿದ್ದ ಕಡುನೀಲಿ ನೀರು ಸಣ್ಣಗಾಗಿ, ತೊಟ್ಟಿಕ್ಕಿ, ಕೊನೆಗೆ ನಿಂತಿತು.

ಚುನಾವಣೆ ಹತ್ತಿರ ಬಂದಿತ್ತು. ಪರಿಸರವನ್ನು ಹೆಚ್ಚು ಕಾಪಾಡಿದವರು ಯಾರು ಎಂದು ಹಿಂದೆ ಆಳಿದವರೂ ಈಗ ಆಳುತ್ತಿರುವವರೂ ಅದೇ ದಂಡೆಯಲ್ಲಿ ವೇದಿಕೆ ಹಾಕಿ ವಾದಿಸುವವರಿದ್ದರು. ಟಿವಿಯವರು ಬರುವ ಹೊತ್ತಿಗೆ ನೀರು ತಿಳಿಯಾಗಿ ಕಾಣಬೇಕು, ಕಾರ್ಖಾನೆಯೂ ನಿಲ್ಲಬಾರದು; ಎಲ್ಲರೂ ಹೋದಮೇಲೆ ಮೂಟೆ ಕಿತ್ತರಾಯಿತು ಎಂದು ಮಾಲೀಕನ ಅಪ್ಪಣೆಯಾಗಿತ್ತು.

ಕೆಸರು ತೊಳೆದುಕೊಳ್ಳಲೂ ಬಿಡದೆ ಕೂಲಿ ಹೆಂಗಸರ ತಲೆಗೆ ಹಸಿರು ಟೋಪಿ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿದರು.

“ಕಾಯ್ದೆ ತಂದವರು ನಾವು! ಈ ಕಾರ್ಖಾನೆಗೆ ಶುದ್ಧೀಕರಣದ ತೊಟ್ಟಿ ಕಟ್ಟಿಸಿದವರು ನಾವು!” ಎಂದು ಮಾಜಿ ಮಂತ್ರಿ ಮೇಜು ಗುದ್ದಿದ.

ದೊಡ್ಡಕ್ಕನ ತಮ್ಮ ಸತ್ತದ್ದು ಆ ತೊಟ್ಟಿಯಲ್ಲೇ. ತಳದ ಹೂಳು ಬಾಚಲು ಇಳಿಸಿದ್ದರು. ಗಾಳಿ ಕೆಟ್ಟಿದೆ ಎಂದವನಿಗೆ “ಮೂಗು ಹಿಡ್ಕೊಂಡು ಇಳಿಯೋ” ಅಂದಿದ್ದ ಮೇಸ್ತ್ರಿ. ಹಗ್ಗ ಕಟ್ಟಿ ಎಳೆದಾಗ ಹೆಣದ ಹಲ್ಲೂ ನೀಲಿಯಾಗಿತ್ತು.

“ನಿಮ್ಮ ಕಾಯ್ದೆ ಕಾಗದದ ಮೇಲಿತ್ತು,” ಹಾಲಿ ಮಂತ್ರಿ ನಕ್ಕ. “ದಂಡ ಹಾಕಿದವರು ನಾವು. ಈ ದಂಡೆ ಉದ್ದಕ್ಕೂ ಗಿಡ ನೆಟ್ಟವರು ನಾವು!”

ಆ ಗಿಡಗಳಿಗೆ ಟ್ಯಾಂಕರಿನ ನೀರು ಬರುತ್ತಿತ್ತು. ಕೂಲಿಯವರ ಸಾಲುಮನೆಗಳಿಗೆ ಬರುತ್ತಿರಲಿಲ್ಲ. ಕಾಲುವೆಯಲ್ಲಿ ಸ್ನಾನ ಮಾಡಿದ ದೊಡ್ಡಕ್ಕನ ಮಗಳ ಮೊಣಕೈ ಚರ್ಮ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಆ ನೀರು ಮುಟ್ಟಬೇಡಿ ಎಂದಿದ್ದರು ಡಾಕ್ಟರು. ಇನ್ಯಾವ ನೀರು ಎಂದು ಹೇಳಿರಲಿಲ್ಲ.

ಟಿವಿ ಹುಡುಗಿ ಮೈಕು ಹಿಡಿದು ದೊಡ್ಡಕ್ಕನ ಮುಂದೆ ಬಾಗಿದಳು. “ಹೇಳಿ ಅಮ್ಮ, ಯಾರ ಕಾಲದಲ್ಲಿ ನೀರು ಚೆನ್ನಾಗಿತ್ತು?”

“ಅವ್ರ ಕಾಲ್ದಲ್ಲಿ ನನ್ನ ತಮ್ಮ ಹೋದ. ಇವ್ರ ಕಾಲ್ದಲ್ಲಿ ನನ್ನ ಮಗಳ ಮೈ ಸುಲೀತಾ ಇದೆ. ಯಾವ್ದು ಹೆಚ್ಚು, ಯಾವ್ದು ಕಮ್ಮಿ, ನೀವೇ ತೂಗಿ ನೋಡಿ. ಇವತ್ತಿನ ನೀರು ಕೇಳ್ತೀರಾ? ಬೆಳಗ್ಗೆ ನಾನೇ ಕೊಳವೆಗೆ ಮೂಟೆ...”

ಯಾರೋ ಮೈಕು ಕಿತ್ತುಕೊಂಡರು. “ಬೆಳಗ್ಗೆನೇ ಏರಿಸ್ಕೊಂಡು ಬಂದಿದೆ ಮುಂಡೇದು!” ಎಂದ ಮೇಸ್ತ್ರಿ. ಆ ಮಾತಿಗೆ ವೇದಿಕೆಯ ಮೇಲೆ ಎರಡೂ ಪಕ್ಷದವರು ಒಟ್ಟಿಗೆ ನಕ್ಕರು.

ಸಭೆ ಮುಗಿದು ಟಿವಿಯವರು ಹೊರಟುಹೋದರು. ಸ್ವಲ್ಪ ಹೊತ್ತಿಗೆಲ್ಲ ಮೇಸ್ತ್ರಿ ಏದುಸಿರು ಬಿಡುತ್ತ ಓಡಿಬಂದ.

“ಏಳೇ! ಕೊಳವೆ ಕಟ್ಟಿ ತೊಟ್ಟಿ ತುಂಬಿ ಉಕ್ತಾ ಇದೆ. ಕಾರ್ಖಾನೆ ಗೆಸ್ಟ್ ಹೌಸಿಗೆ ನುಗ್ಗಿದೆ. ಮಂತ್ರಿಗಳಿಬ್ರೂ ಅಲ್ಲೇ ಊಟಕ್ಕೆ ಕೂತಿದಾರೆ.”

“ಇಬ್ರೂನಾ?”

“ಒಂದೇ ಮೇಜಿಗೆ! ಮೂಟೆ ಕೀಳು ಹೋಗು!”

ದೊಡ್ಡಕ್ಕ ಟೋಪಿ ತೆಗೆದು ನೆಲಕ್ಕೆಸೆದಳು. ಕಾಲುವೆಗೆ ಇಳಿದಳು. ಕೊಳವೆಗೆ ಬೆನ್ನು ಕೊಟ್ಟು ಮೂಟೆಗಳ ಮೇಲೆ ಕುಕ್ಕರಿಸಿದಳು.

“ಕೀಳಲ್ಲ.”

“ಕೆಲ್ಸ ಬೇಡ್ವೇನೆ ನಿಂಗೆ?”

“ನಿನ್ನ ಕೆಲ್ಸ ತಗೊಂಡೋಗಿ ನಿಮ್ಮಪ್ಪನ ಗೋರಿಗಿಡು!”

ಮೇಸ್ತ್ರಿ ಕೆಳಗಿಳಿದು ಅವಳ ಜುಟ್ಟಿಗೆ ಕೈ ಹಾಕಿದ. ತಮ್ಮನ ಹೆಂಡತಿ ಗುದ್ದಲಿ ಎತ್ತಿದಳು. “ಮೂಗು ಹಿಡ್ಕೊಂಡು ಮುಟ್ಟೋ ಸೂಳೆಮಗನೆ, ನೋಡೇಬಿಡ್ತೀನಿ!” ಅವನು ಕೈ ಬಿಟ್ಟ.

ಮಾಲೀಕನ ಹಿಂದೆ ಮಂತ್ರಿಗಳಿಬ್ಬರೂ ಪ್ಯಾಂಟು ಮಡಚಿಕೊಂಡು ಬಂದರು. ಮೀನಖಂಡದವರೆಗೂ ನೀಲಿ ಹತ್ತಿತ್ತು.

“ನೋಡಮ್ಮ, ನಿನ್ನ ಕಷ್ಟ ನಮಗೆ ಅರ್ಥವಾಗುತ್ತೆ. ಮೊದಲು ಮೂಟೆ ತೆಗಿ,” ಎಂದ ಹಾಲಿ.

“ಇವರು ಹೇಳ್ತಿರೋದು ಸರಿಯಮ್ಮ,” ಎಂದ ಮಾಜಿ.

“ಕಾಲು ಉರೀತಿದೆಯಾ ಸ್ವಾಮಿ?” ಎಂದು ಕೇಳಿದಳು ದೊಡ್ಡಕ್ಕ.

ಹಾಲಿ ಮಂತ್ರಿ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ತಿಕ್ಕಿಕೊಳ್ಳುತ್ತಿದ್ದ. ಮಾಲೀಕ ಫೋನಿನಲ್ಲಿ ಪೊಲೀಸರನ್ನು ಕರೆಯುತ್ತಿದ್ದ.

ಸಾಲುಮನೆಗಳ ಹೆಂಗಸರು ಒಬ್ಬೊಬ್ಬರೇ ಬಂದು ದಂಡೆಯಲ್ಲಿ ನಿಂತರು. ರಸ್ತೆಯ ತಿರುವಿನಲ್ಲಿ ಪೊಲೀಸ್ ವ್ಯಾನಿನ ಸದ್ದು ಕೇಳಿಸಿತು. ತಮ್ಮನ ಹೆಂಡತಿ ಬಟ್ಟೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು.

“ಸ್ವಲ್ಪ ಸರ್ಕೋ ಅತ್ತಿಗೆ,” ಎಂದಳು.