ನಾಕೈದು ಕುರಿ

ಎರಡು ಸಾವಿರದ ಏಳರ ಬೇಸಿಗೆ. ಜೀಪು ಹಿರೇಗುಂಟನೂರಿನ ಕಡೆಗೆ ತಿರುಗಿದ ಗಳಿಗೆಯಿಂದ ಜುಂಜೇಶನಿಗೆ ಕೂತ ಸೀಟೇ ಮುಳ್ಳಾಗಿತ್ತು. ಪಕ್ಕದಲ್ಲಿ ದಿಲ್ಲಿಯ ಮೇಡಂ. ಇಡೀ ದೇಶಕ್ಕೆ ಮಾದರಿಯಾಗಲಿರುವ ಕಾರ್ಬನ್ ಯೋಜನೆಯ ಮೊದಲ ಜಾಗ ನೋಡಲು ಬಂದವರು. ಆ ಜಾಗ ಬೇರೆ ಯಾವುದೂ ಅಲ್ಲ, ಜುಂಜೇಶ್ ಹುಟ್ಟಿದ ಗೊಲ್ಲರಹಟ್ಟಿಯ ಕಾವಲು, ಊರೊಟ್ಟಿನ ಹುಲ್ಲುಗಾವಲು. ಯೋಜನೆಗೆ ರೂಪ ಕೊಟ್ಟವನೂ ಅವನೇ.

ಯೋಜನೆ ಕೇಳಲು ಸಲೀಸು. ದೂರದ ದೇಶದ ಕಾರ್ಖಾನೆ ಹೊಗೆ ಬಿಡುತ್ತದೆ. ಇಲ್ಲಿ ಮರ ಬೆಳೆದು ಅಷ್ಟು ಹೊಗೆ ಹೀರುತ್ತದೆ. ಹೀರಿದ್ದಕ್ಕೆ ಅವರು ದುಡ್ಡು ಕೊಡುತ್ತಾರೆ. ಉಂಡವನು ಒಬ್ಬ, ಎಲೆ ಎತ್ತುವವನು ಇನ್ನೊಬ್ಬ. ಷರತ್ತು ಏನಪ್ಪಾ ಅಂದರೆ, ಆ ನೆಲ ಯಾರಿಗೂ ಬೇಡದ ಪಾಳಾಗಿರಬೇಕು. ಅಲ್ಲಿ ಕುರಿ ಮೇಯುತ್ತಿದ್ದರೆ, ಬೇಲಿ ಬಿದ್ದ ಮೇಲೆ ಅವು ಇನ್ನೊಂದು ಕಾಡಿಗೆ ನುಗ್ಗಿ ಎಲ್ಲ ಲೆಕ್ಕ ಕೆಡಿಸುತ್ತವೆ. ಹಾಗಾಗಿ ಕುರಿ ಎಷ್ಟಿವೆ ಅನ್ನುವುದು ಮೊದಲೇ ತಿಳಿಯಬೇಕು.

ಹೋದ ವರ್ಷ ಜುಂಜೇಶನೇ ಬಂದು ಕೇಳಿದ್ದ. ಚಿಕ್ಕವ್ವ ಚಿತ್ತಮ್ಮ ಮುದ್ದೆ ತಿರುವುತ್ತಲೇ, "ಏನೋ ನಾಕೈದು ಅವೆ ಕಣಪ್ಪ, ದೇವ್ರು ಕೊಟ್ಟಿದ್ದು" ಅಂದಿದ್ದಳು. ಮನೆಮನೆಯಲ್ಲೂ ಅದೇ ಉತ್ತರ, ನಾಕೈದು. ಸ್ವಂತ ಬಾಯಲ್ಲಿ ಕುರಿ ಎಣಿಸಿದರೆ ಮಂದೆಗೆ ಕೇಡು ಅಂತ ಆ ಹಟ್ಟಿಯ ನಂಬಿಕೆ. ದೊಡ್ಡಿ ತುಂಬಿ ತುಳುಕುತ್ತಿದ್ದರೂ ನಾಕೈದೇ. ಯಾರಾದರೂ ಮರೆತು ಎಣಿಸಲು ಹೊರಟರೆ ಉಳಿದವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹೊರಗಿನ ವ್ಯಾಪಾರಿ ಬಂದು ಎಣಿಸಿಕೊಂಡರೆ ಚಿಂತೆಯಿಲ್ಲ, ಹಟ್ಟಿಯವರ ನಾಲಗೆಯ ಮೇಲೆ ಲೆಕ್ಕ ಬರಬಾರದು, ಅಷ್ಟೆ.

ದಿಲ್ಲಿಯವರಿಗೆ ಇದು ಗೊತ್ತಿಲ್ಲ, ಬಿಡಿ. ಇವನಿಗೆ ಗೊತ್ತಿರಲಿಲ್ಲವೇ? ಚಿಕ್ಕಂದಿನಲ್ಲಿ ಕುರಿ ಎಣಿಸಲು ಹೋಗಿ ಇದೇ ಚಿಕ್ಕವ್ವನ ಕೈಲಿ ಬಾಯಿಗೆ ಏಟು ತಿಂದವನು! ಸಂಜೆ ದೊಡ್ಡಿಯ ಬಾಗಿಲಿಗೆ ಹೊರಗಿನ ಒಬ್ಬ ಆಳನ್ನು ನಿಲ್ಲಿಸಿದ್ದರೆ ಮುಗಿದುಹೋಗುತ್ತಿತ್ತು. ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯೋಜನೆ ಬಿದ್ದುಹೋಗುತ್ತಿತ್ತಲ್ಲ! ಅವರು ಹೇಳಿದ್ದನ್ನೇ ಬರೆದೆ, ನಾನೇನು ಸುಳ್ಳು ಬರೆದೆನೇ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ದಿಲ್ಲಿಯಲ್ಲಿ ಬೆನ್ನು ತಟ್ಟಿದರು. ನಾಚಿಕೆಗೆಟ್ಟವನ ಹಾಗೆ ತಟ್ಟಿಸಿಕೊಂಡ.

ಜೀಪು ನಿಂತಾಗ ಕುರಿಗಳನ್ನು ಇನ್ನೂ ಮೇಯಲು ಬಿಟ್ಟಿರಲಿಲ್ಲ. ಬೇವಿನ ಮರದಡಿ ಹಟ್ಟಿಯವರೆಲ್ಲ ಸೇರಿದ್ದರು. "ಬರ್ರಿ, ಕುಂತ್ಕಳ್ರಿ" ಎಂದು ಹಿರಿಯ ಕಾಟಯ್ಯ ಮೇಡಂಗೆ ಕಂಬಳಿ ಹಾಸಿದ. ಮೇಡಂ ಕೇಳಿದ ಮೊದಲ ಪ್ರಶ್ನೆಯೇ ಕುರಿ ಎಷ್ಟು ಅಂತ. ಜುಂಜೇಶ್ ಅದನ್ನು ಕನ್ನಡಕ್ಕೆ ತಂದ.

"ಏನೋ ನಾಕೈದು ಅವೆ," ಅಂದ ಕಾಟಯ್ಯ.

ಜುಂಜೇಶ್ ಅದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿದ. ಮೇಡಂ ಮುಖ ಅರಳಿತು. ಹಾಗಿದ್ದರೆ ಈ ತಿಂಗಳೇ ಬೇಲಿ ಶುರು ಮಾಡಬಹುದು ಅಂದರು. ಅವನು ನೆಲ ನೋಡುತ್ತ ಅದನ್ನು ಕನ್ನಡದಲ್ಲಿ ಹೇಳಿದ.

"ಬೇಲಿನಾ? ಮತ್ತೆ ನಮ್ ಕುರಿ ಎಲ್ಲಿಗ್ ಹೋಗ್ಬೇಕ್ಲೇ?" ಚಿತ್ತಮ್ಮ ಎದ್ದು ನಿಂತಳು.

"ನಾಕೈದು ಕುರಿಗೆ ಇಷ್ಟು ದೊಡ್ಡ ಕಾವಲು ಯಾಕೆ ಅಂತಾರೆ, ಚಿಕ್ಕವ್ವ."

ಚಿತ್ತಮ್ಮ ಅವನ ಮುಖವನ್ನೇ ನೋಡಿದಳು. "ನೀನು ಹಂಗೇ ಬರ್ಕೊಂಡು ಹೋದೇನೋ? ನಾಕೈದು ಅಂದ್ರೆ ಏನೂಂತ ನಿನಗೆ ಗೊತ್ತಿರ್ಲಿಲ್ವೇನೋ?"

ಅವಳು ಸೀದಾ ದೊಡ್ಡಿಗೆ ಹೋಗಿ, ಬಾಗಿಲ ಮುಳ್ಳು ಸರಿಸಿ, ಒಂದೊಂದೇ ಕುರಿಯನ್ನು ಹೊರಗೆ ಬಿಡತೊಡಗಿದಳು. "ಒಂದು... ಎಲ್ಡು... ಮೂರು..."

"ಅಯ್ಯೋ, ಬ್ಯಾಡ ಕಣೇ ಚಿತ್ತಿ!" ಕಾಟಯ್ಯ ಕೂಗಿಕೊಂಡ. ಹೆಂಗಸರೆಲ್ಲ ಸೆರಗೆಳೆದು ಕಿವಿ ಮುಚ್ಚಿಕೊಂಡರು. ಚಿತ್ತಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಎಣಿಕೆ ನಿಲ್ಲಿಸಲಿಲ್ಲ. ಕುರಿಗಳು ಬರುತ್ತಲೇ ಇದ್ದವು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಜುಂಜೇಶನಿಗೆ. ತಲೆ ತಗ್ಗಿಸಿ ನಿಂತವನು ಕೊನೆಯವರೆಗೂ ಎತ್ತಲಿಲ್ಲ.

"ಏನು ಮಾಡಿದರು ಅವರು?" ಮೇಡಂ ಕೇಳಿದರು.

"ಕುರಿ ಎಣಿಸಿದರು. ನಾನು ಬರೆದದ್ದು ತಪ್ಪು, ಮೇಡಂ. ಗೊತ್ತಿದ್ದೇ ಬರೆದೆ." ಕಡೆಗೂ ಬಾಯಿಂದ ಬಂತು.

ಮೇಡಂ ಪೆನ್ನು ತೆಗೆದರು. "ಹಾಗಾದರೆ ಒಟ್ಟು ಎಷ್ಟಾಯಿತು?"

ಅವನಿಗೆ ಗೊತ್ತಿರಲಿಲ್ಲ. ಅವಮಾನದಲ್ಲಿ ಕಿವಿಗೆ ಒಂದೂ ಬಿದ್ದಿರಲಿಲ್ಲ. ಇನ್ನೊಮ್ಮೆ ಎಣಿಸಲು ಹೇಳಿ ಎಂದರು ಮೇಡಂ.

ಚಿಕ್ಕವ್ವನ ಬಾಯಲ್ಲಿ ಇನ್ನೊಮ್ಮೆ ಲೆಕ್ಕ ಹೇಳಿಸಲು ಅವನಿಗೆ ಮನಸ್ಸಾಗಲಿಲ್ಲ. ದೊಡ್ಡಿಯ ಬಾಗಿಲಿಗೆ ಹೋಗಿ, "ಕುರಿ ಒಳಗೆ ಹೊಡಿ, ಚಿಕ್ಕವ್ವ. ಈ ಸಲ ನಾನು ಎಣಿಸ್ತೀನಿ. ಕೇಡು ಬರೋದಾದ್ರೆ ನನ್ನ ಬಾಯಿಗೇ ಬರ್ಲಿ" ಅಂದ.

ಮೊದಲ ಕುರಿ ಒಳಗೆ ಬಂತು. "ಒಂದು," ಅಂದ, ಎಲ್ಲರಿಗೂ ಕೇಳುವ ಹಾಗೆ. ಯಾರಾದರೂ ಬೇಡ ಅಂತಾರೇನೋ ಎಂದು ಕಾದ. ಯಾರೂ ಅನ್ನಲಿಲ್ಲ. ತಿರುಗಿ ನೋಡಿದರೆ, ಹೆಂಗಸರು ಸೆರಗು ಇಳಿಸಿಕೊಂಡು ಆರಾಮಾಗಿ ಕೂತಿದ್ದರು. ಒಬ್ಬರೂ ಕಿವಿ ಮುಚ್ಚಿರಲಿಲ್ಲ.

"ಅಳಬ್ಯಾಡ ಸುಮ್ನಿರು ಚಿತ್ತಿ," ಕಾಟಯ್ಯ ಬೀಡಿ ಹಚ್ಚುತ್ತ ಹೇಳಿದ. "ಆವಯ್ಯ ಎಷ್ಟಾನ ಎಣಿಸ್ಕಳ್ಲಿ. ಹೊರಗಿನೋರು ಎಣಿಸಿದ್ರೆ ಏನೂ ಆಗಲ್ಲ."